ಯಾರ ಮರಿ? ಯಾರ ಹಾಲು?

ಮಕ್ಕಳೇ, ಗೋವಿನ ಹಾಡಿನ ಪುಣ್ಯಕೋಟಿಯ ಕಥೆ ನಿಮಗೆಲ್ಲ ಗೊತ್ತು. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟ ಹಸು ತನ್ನ ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸುತ್ತದೆ. ಆಗ ಕರುವನ್ನು ಕಾಡುವ ದೊಡ್ಡ ಚಿಂತೆ ಹಾಲಿನದು. ತಾಯಿ ಹೋದ ಮೇಲೆ ತನಗೆ ಹಾಲು ಕೊಡುವವರು ಯಾರು?

ಇದು ಕಥೆಯೊಳಗಿನ ಪ್ರಶ್ನೆ ಮಾತ್ರವಲ್ಲ. ವಿಜ್ಞಾನಿಗಳು ಹಲವು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯೂ ಹೌದು. ಒಂದು ಪ್ರಾಣಿ ತಾನು ಹೆರದ ಮರಿಗೆ ಹಾಲು ಕೊಡುತ್ತದೆಯೆ? ಕೊಟ್ಟರೆ ಏಕೆ? ಕೊಡದಿದ್ದರೆ ಏಕೆ? ಬನ್ನಿ, ಇದಕ್ಕೆ ಉತ್ತರ ಹುಡುಕಲು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಿಂದಲೇ ಹೊರಡೋಣ.

ಖಾನಾಪುರದ ಗೊರಸುಪ್ರಾಣಿಗಳು

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ಪಶ್ಚಿಮ ಘಟ್ಟಗಳ ಮಡಿಲಲ್ಲಿದೆ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಇಲ್ಲಿಯೇ ಇದೆ. ಮಹಾದಾಯಿ ನದಿಯ ಮೂಲವೂ ಈ ಕಾಡಿನಲ್ಲಿದೆ. 2011ರ ಡಿಸೆಂಬರ್‌ನಲ್ಲಿ ಇಲ್ಲಿನ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಜೀವಿಧಾಮ ಎಂದು ಘೋಷಿಸಲಾಯಿತು.

ಕಾಲಿನ ತುದಿಯಲ್ಲಿ ಗಟ್ಟಿಯಾದ ಗೊರಸು ಇರುವ ಪ್ರಾಣಿಗಳನ್ನು ಗೊರಸುಪ್ರಾಣಿಗಳು ಎನ್ನುತ್ತೇವೆ. ನಮ್ಮ ಮನೆಯ ದನ, ಎಮ್ಮೆ, ಆಡು, ಕುರಿ, ಕುದುರೆ ಎಲ್ಲವೂ ಈ ಗುಂಪಿನವು. ಖಾನಾಪುರದ ಕಾಡಿನಲ್ಲಿಯೂ ಇವುಗಳ ಬಳಗ ದೊಡ್ಡದು. ಕಾಡುಕೋಣ (ಇದನ್ನು ಕಾಟಿ ಎಂದೂ ಕರೆಯುತ್ತಾರೆ), ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ, ಮೊಲದಷ್ಟೇ ಗಾತ್ರದ ಬರ್ಕ ಮತ್ತು ಕಾಡುಹಂದಿ ಇಲ್ಲಿ ಇವೆ.

ಇವುಗಳ ಬದುಕು ಒಂದೇ ರೀತಿಯದಲ್ಲ. ಬರ್ಕ ಮತ್ತು ಕಾಡುಕುರಿ ಹೆಚ್ಚಾಗಿ ಒಂಟಿಯಾಗಿ ಬದುಕುತ್ತವೆ. ಕಡವೆ ಒಂಟಿಯಾಗಿ ಅಥವಾ ಚಿಕ್ಕ ಗುಂಪಿನಲ್ಲಿ ಕಾಣುತ್ತದೆ. ಚುಕ್ಕೆ ಜಿಂಕೆ, ಕಾಟಿ ಮತ್ತು ಕಾಡುಹಂದಿಗಳು ಹಿಂಡು ಕಟ್ಟಿಕೊಳ್ಳುತ್ತವೆ. ಒಂಟಿಯಾಗಿರುವ ತಾಯಿಯ ಬಳಿ ಬೇರೆಯವರ ಮರಿ ಬರುವ ಸಂದರ್ಭವೇ ಕಡಿಮೆ. ಹಿಂಡಿನಲ್ಲಿ ಹಾಗಲ್ಲ. ಅಲ್ಲಿ ಹಲವು ತಾಯಂದಿರು, ಹಲವು ಮರಿಗಳು ಒಟ್ಟಿಗೆ ಇರುತ್ತವೆ. ಆದ್ದರಿಂದ ‘ಯಾರ ಮರಿಗೆ ಯಾರ ಹಾಲು’ ಎಂಬ ಪ್ರಶ್ನೆ ಮುಖ್ಯವಾಗಿ ಹಿಂಡಿನ ಪ್ರಾಣಿಗಳದು.

ಹಾಲು ಪುಕ್ಕಟೆ ಬರುವುದಿಲ್ಲ

ಈದ ಎಮ್ಮೆಗೆ ಮನೆಯಲ್ಲಿ ಹೆಚ್ಚು ಹಿಂಡಿ, ಹೆಚ್ಚು ಹಸಿ ಹುಲ್ಲು ಹಾಕುವುದನ್ನು ನೀವು ನೋಡಿದ್ದೀರಿ. ಏಕೆಂದರೆ ಹಾಲು ತಯಾರಾಗುವುದು ತಾಯಿಯ ರಕ್ತದಲ್ಲಿರುವ ಸಕ್ಕರೆ, ಕೊಬ್ಬು, ಪ್ರೋಟೀನು, ಸುಣ್ಣದ ಅಂಶ ಮತ್ತು ನೀರಿನಿಂದ. ತಿನ್ನುವ ಮೇವು ಸಾಲದಿದ್ದರೆ ತಾಯಿ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಹಾಲೂಡಿಸುವ ಕಾಲದಲ್ಲಿ ತಾಯಂದಿರು ಸೊರಗುವುದು ಇದೇ ಕಾರಣದಿಂದ.

ಕಾಡಿನ ತಾಯಿಗೆ ಹಿಂಡಿ ಹಾಕುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಅದರ ಪಾಡು ಇನ್ನೂ ಕಷ್ಟ. ಹೀಗಿರುವಾಗ ಬೇರೊಂದು ಮರಿ ಬಂದು ಹಾಲು ಕುಡಿದರೆ ಸ್ವಂತ ಮರಿಯ ಪಾಲು ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಹೆಚ್ಚಿನ ಗೊರಸುಪ್ರಾಣಿಗಳ ತಾಯಂದಿರು ಬೇರೆ ಮರಿಯನ್ನು ಕೊಂಬಿನಿಂದ ತಿವಿದು, ಕಾಲಿನಿಂದ ಝಾಡಿಸಿ ಓಡಿಸುತ್ತವೆ. ಇದು ಅವುಗಳ ಕ್ರೂರತನವಲ್ಲ. ತನ್ನ ಮರಿಯನ್ನು ಬದುಕಿಸಿಕೊಳ್ಳುವ ದಾರಿ.

ಮೂಗೇ ಸಾಕ್ಷಿ

ಹತ್ತಾರು ಮರಿಗಳ ನಡುವೆ ತನ್ನ ಮರಿ ಯಾವುದು ಎಂದು ತಾಯಿಗೆ ತಿಳಿಯುವುದು ಹೇಗೆ? ಮುಖ್ಯವಾಗಿ ವಾಸನೆಯಿಂದ. ಕರು ಹುಟ್ಟಿದ ಕೂಡಲೇ ಹಸು ಅದರ ಮೈಯನ್ನು ನೆಕ್ಕತೊಡಗುತ್ತದೆ. ಇದರಿಂದ ಕರುವಿನ ಮೈ ಒಣಗುತ್ತದೆ, ರಕ್ತ ಚೆನ್ನಾಗಿ ಹರಿಯುತ್ತದೆ. ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಕರುವಿನ ವಾಸನೆ ತಾಯಿಯ ಮಿದುಳಿನಲ್ಲಿ ಅಚ್ಚಾಗುತ್ತದೆ. ದೂರದಿಂದ ಗುರುತಿಸಲು ಕೂಗು, ಬಣ್ಣ, ನಡಿಗೆಗಳೂ ನೆರವಾಗುತ್ತವೆ. ಆದರೆ ಕೆಚ್ಚಲಿಗೆ ಬಾಯಿ ಹಾಕಲು ಬಿಡುವ ಮುನ್ನ ಕೊನೆಯ ಪರೀಕ್ಷೆ ಮೂಗಿನದೇ.

ಅಮೆರಿಕದ ಪೀಟರ್ ಕ್ಲಾಪ್‌ಫರ್ ಮತ್ತು ಸಂಗಡಿಗರು ಆಡುಗಳ ಮೇಲೆ ಒಂದು ಪ್ರಯೋಗ ಮಾಡಿ 1964ರಲ್ಲಿ ಪ್ರಕಟಿಸಿದರು. ಕೆಲವು ಮರಿಗಳನ್ನು ಹುಟ್ಟಿದ ಮೇಲೆ ಕೇವಲ 5 ನಿಮಿಷ ತಾಯಿಯ ಬಳಿ ಬಿಟ್ಟು ಆಮೇಲೆ ದೂರ ಮಾಡಿದರು. ಇನ್ನು ಕೆಲವನ್ನು ತಾಯಿ ನೆಕ್ಕುವ ಮೊದಲೇ ಎತ್ತಿಕೊಂಡು ಹೋದರು. ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೆ ಮರಿಗಳನ್ನು ಮರಳಿ ತಂದಾಗ ಏನಾಯಿತು? 5 ನಿಮಿಷ ಜೊತೆಗಿದ್ದ ಮರಿಗಳನ್ನು ತಾಯಿ ಸೇರಿಸಿಕೊಂಡಿತು. ನೆಕ್ಕುವ ಮೊದಲೇ ದೂರವಾದ ಮರಿಗಳನ್ನು ಹೆಚ್ಚಿನ ತಾಯಂದಿರು ಸ್ವಂತ ಮರಿಗಳಾಗಿದ್ದರೂ ಹತ್ತಿರ ಸೇರಿಸಲಿಲ್ಲ! ಆ ಮೊದಲ ನಿಮಿಷಗಳು ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಹಾಲೂ ಅಷ್ಟೇ ಮುಖ್ಯ. ಈದ ಹಸುವಿನ ದಪ್ಪನೆಯ ಹಳದಿ ಹಾಲಿನಿಂದ ಮನೆಯಲ್ಲಿ ಗಿಣ್ಣು ಮಾಡುತ್ತಾರಲ್ಲವೆ? ಮನುಷ್ಯರ ಶಿಶುವಿಗೆ ರೋಗದೊಡನೆ ಹೋರಾಡುವ ಕೆಲವು ವಸ್ತುಗಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸಿಗುತ್ತವೆ. ಆದರೆ ಕರು, ಕುರಿಮರಿ, ಜಿಂಕೆಮರಿಗಳಿಗೆ ಅವು ಸಿಗುವುದು ಗಿಣ್ಣು ಹಾಲಿನಿಂದಲೇ. ಅದೂ ಹುಟ್ಟಿದ ಮೊದಲ ದಿನ ಕುಡಿದರೆ ಮಾತ್ರ ಮೈಗೆ ಹತ್ತುತ್ತದೆ. ಆದ್ದರಿಂದ ಗಿಣ್ಣನ್ನು ನಾವೇ ತಿಂದು ಮುಗಿಸದೆ ಕರುವಿಗೆ ಮೊದಲು ಕುಡಿಸಬೇಕು.

ಅಡಗುವ ಮರಿ, ಹಿಂಬಾಲಿಸುವ ಮರಿ

ಕುರಿಮರಿ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ತಾಯಿಯ ಹಿಂದೆ ಹೊರಡುತ್ತದೆ. ಆಡಿನ ಮರಿಯಾದರೋ ಮೊದಲ ಕೆಲವು ದಿನ ಪೊದೆಯ ಮರೆಯಲ್ಲಿ, ಬಂಡೆಯ ಸಂದಿಯಲ್ಲಿ ಸುಮ್ಮನೆ ಮಲಗಿರಲು ಇಷ್ಟಪಡುತ್ತದೆ. ಕಾಡಿನ ಗೊರಸುಪ್ರಾಣಿಗಳ ಮರಿಗಳಲ್ಲೂ ಹೀಗೆ ಎರಡು ಬಗೆ. ಕುದುರೆ, ಹಿಮಸಾರಂಗಗಳ ಮರಿಗಳು ತಾಯಿಯನ್ನು ಹಿಂಬಾಲಿಸುವಂಥವು. ಚುಕ್ಕೆ ಜಿಂಕೆ ಮತ್ತು ಕಡವೆಗಳ ಮರಿಗಳು ಅಡಗುವಂಥವು.

ತಾಯಿಜಿಂಕೆ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿ ಮೇಯುತ್ತದೆ. ದಿನಕ್ಕೆ ಕೆಲವು ಸಲ ಮಾತ್ರ ಬಂದು ಹಾಲು ಕುಡಿಸಿ ಮತ್ತೆ ಹೋಗುತ್ತದೆ. ಮರಿಯ ಮೈಯನ್ನು ನೆಕ್ಕಿ, ಅದರ ಮೂತ್ರ ಮತ್ತು ಮಲವನ್ನೂ ತಾನೇ ತೆಗೆದುಬಿಡುತ್ತದೆ. ಏಕೆ ಗೊತ್ತೆ? ಚಿರತೆ, ಕೆನ್ನಾಯಿಗಳಿಗೆ ವಾಸನೆ ಸಿಗಬಾರದೆಂದು. ತಾಯಿ ಹತ್ತಿರ ಇಲ್ಲದಿರುವುದೇ ಮರಿಗೆ ರಕ್ಷಣೆ!

ಕಾಟಿಯದು ಇದಕ್ಕಿಂತ ಸ್ವಲ್ಪ ಬೇರೆ. ಅದು ಸಾಮಾನ್ಯವಾಗಿ ಒಂದೇ ಕರು ಹಾಕುತ್ತದೆ. ಈಯುವ ಸಮಯ ಬಂದಾಗ ಹಿಂಡಿನಿಂದ ದೂರ ಸರಿದು, ಕೆಲವು ದಿನಗಳ ನಂತರ ಕರುವಿನೊಡನೆ ಹಿಂಡಿಗೆ ಮರಳುತ್ತದೆ. ಹೀಗೆ ದೂರ ಸರಿಯುವುದರಿಂದ ತಾಯಿ ಮತ್ತು ಕರು ಯಾರ ಅಡ್ಡಿಯೂ ಇಲ್ಲದೆ ಒಬ್ಬರನ್ನೊಬ್ಬರು ಗುರುತು ಮಾಡಿಕೊಳ್ಳಲು ಅನುಕೂಲ.

ಆದರೂ ಕೆಲವೊಮ್ಮೆ ಕೊಡುತ್ತವೆ

ಇಷ್ಟೆಲ್ಲ ಕಾವಲು ಇದ್ದರೂ ಬೇರೆ ತಾಯಿಯ ಹಾಲು ಕುಡಿಯುವ ಮರಿಗಳು ಇವೆ. 1992ರಲ್ಲಿ ಕ್ರೇಗ್ ಪ್ಯಾಕರ್, ಸೂಸನ್ ಲೂಯಿಸ್ ಮತ್ತು ಆನ್ ಪ್ಯೂಸಿ ಎಂಬ ವಿಜ್ಞಾನಿಗಳು 100 ಬಗೆಯ ಸಸ್ತನಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ಹೋಲಿಸಿದರು. ಒಂದು ಸಲಕ್ಕೆ ಹಲವು ಮರಿ ಹಾಕುವ ಪ್ರಾಣಿಗಳಲ್ಲಿ ಬೇರೆ ಮರಿಗೆ ಹಾಲು ಕೊಡುವುದು ಹೆಚ್ಚು ಎಂದು ಕಂಡಿತು. ಒಂದೇ ಮರಿ ಹಾಕುವ ಪ್ರಾಣಿಗಳಲ್ಲಿ ಅದು ಬಹುಪಾಲು ಹಾಲಿನ ಕಳವಾಗಿತ್ತು.

ಕಾಡುಹಂದಿ ಮೊದಲನೆಯ ಗುಂಪಿಗೆ ಸೇರಿದ್ದು. ಹೆಣ್ಣುಹಂದಿ ಹಿಂಡಿನಿಂದ ದೂರ ಹೋಗಿ ಹುಲ್ಲು, ಕಡ್ಡಿ, ಎಲೆಗಳಿಂದ ಹಾಸಿಗೆ ಮಾಡಿ ಅದರಲ್ಲಿ ಹಲವು ಮರಿ ಹಾಕುತ್ತದೆ. ಮೈಮೇಲೆ ಪಟ್ಟೆಗಳಿರುವ ಮರಿಗಳು ಸ್ವಲ್ಪ ಬಲಿತ ಮೇಲೆ ಅವುಗಳೊಡನೆ ಹಿಂಡು ಸೇರುತ್ತದೆ. ಹಿಂಡಿನಲ್ಲಿರುವ ಹೆಣ್ಣುಗಳು ಹೆಚ್ಚಾಗಿ ತಾಯಿ, ಮಗಳು, ಅಕ್ಕ, ತಂಗಿಯರೇ. ಅಲ್ಲಿ ಒಂದರ ಮರಿ ಇನ್ನೊಂದರ ಮೊಲೆ ಹಿಡಿಯುವುದನ್ನು ಯುರೋಪಿನಲ್ಲಿ ಗಮನಿಸಿದ್ದಾರೆ. ನಮ್ಮ ಕಾಡಿನ ಹಂದಿಯೂ ಅದೇ ಜಾತಿಯದು. ಆದರೆ ಹಂದಿಯ ಕೆಚ್ಚಲಿನಿಂದ ಪ್ರತಿ ಸಲ ಹಾಲು ಹರಿಯುವುದು ಸುಮಾರು 20 ಸೆಕೆಂಡು ಮಾತ್ರ. ತಡವಾಗಿ ಬಂದ ಮರಿಗೆ ಬರಿಯ ಮೊಲೆತೊಟ್ಟು!

ಜಿರಾಫೆ ಎರಡನೆಯ ಗುಂಪಿನದು. ಆಫ್ರಿಕದ ತಾಂಜಾನಿಯದ ಕಟಾವಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಜಿರಾಫೆಗಳನ್ನು ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಬೇರೆ ತಾಯಿಯ ಹಾಲು ಕುಡಿದ ಮರಿಗಳು ಕಂಡವು. ಮೃಗಾಲಯಗಳಲ್ಲಿ ಜಿರಾಫೆಗಳು ಹೀಗೆ ಹಾಲು ಕೊಡುವುದು ಇನ್ನೂ ಹೆಚ್ಚು. ಅಲ್ಲಿ ಮೇವಿಗೆ ಕೊರತೆಯಿಲ್ಲ, ಜಾಗ ಚಿಕ್ಕದು. ಕಾಡಿನಲ್ಲಿ ಮೇವನ್ನು ಹುಡುಕಿ ತಿನ್ನಬೇಕು.

ಎಮ್ಮೆಗಳು ಈ ವಿಷಯದಲ್ಲಿ ಹಸುಗಳಿಗಿಂತ ಉದಾರಿಗಳು. ಬ್ರೆಜಿಲ್‌ನಲ್ಲಿ ಬಯಲಲ್ಲಿ ಮೇಯುವ ಎಮ್ಮೆಹಿಂಡುಗಳಲ್ಲಿ ಒಂದು ಎಮ್ಮೆಯ ಹಾಲನ್ನು ಹಲವು ಕರುಗಳು ಕುಡಿಯುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಖಾನಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅವರನ್ನು ಕೇಳಿ. ಪುಸ್ತಕದಲ್ಲಿ ಇಲ್ಲದ ಸಂಗತಿಗಳು ಅವರಿಗೆ ಗೊತ್ತಿರಬಹುದು.

ಏಕೆ ಕೊಡುತ್ತವೆ?

ಇದಕ್ಕೆ ಒಂದೇ ಉತ್ತರವಿಲ್ಲ. ವಿಜ್ಞಾನಿಗಳು ಕೆಲವು ಕಾರಣಗಳನ್ನು ಮುಂದಿಡುತ್ತಾರೆ.

1. ಕಳವು: ತಾಯಿ ತನ್ನ ಕರುವಿಗೆ ಹಾಲೂಡಿಸುತ್ತಿರುವಾಗ ಇನ್ನೊಂದು ಕರು ಮೆಲ್ಲನೆ ಹಿಂದಿನಿಂದ ಬಂದು, ಹಿಂಗಾಲುಗಳ ನಡುವೆ ತಲೆ ತೂರಿಸುತ್ತದೆ. ಸ್ವಂತ ಕರು ಪಕ್ಕದಲ್ಲಿ ನಿಂತು ಕುಡಿಯುವುದರಿಂದ ತಾಯಿ ಅದರ ಬಾಲದ ಬುಡವನ್ನು ಮೂಸಬಲ್ಲದು. ಹಿಂದೆ ನಿಂತ ಕರು ಮೂಗಿಗೆ ಸಿಗುವುದಿಲ್ಲ!

2. ತಪ್ಪು ಗುರುತು: ಮೊದಲ ಸಲ ಈದ ತಾಯಿ, ಅಥವಾ ಒಂದೇ ಕಡೆ ಹಲವು ತಾಯಂದಿರು ಒಂದೇ ಸಮಯಕ್ಕೆ ಈದಾಗ ಗುರುತು ಹಿಡಿಯುವುದರಲ್ಲಿ ತಪ್ಪಾಗಬಹುದು.

3. ಬಳಗದ ಮರಿ: ತಂಗಿಯ ಮರಿಯೋ ಮಗಳ ಮರಿಯೋ ಆಗಿದ್ದರೆ ಅದರಲ್ಲಿಯೂ ತನ್ನ ವಂಶದ ಅಂಶ ಇರುತ್ತದೆ. ಅದು ಬದುಕಿದರೆ ವಂಶಕ್ಕೆ ಲಾಭ.

4. ಮುಯ್ಯಿ: ಹೊಲದಲ್ಲಿ ಮುಯ್ಯಾಳು ಹೋಗುವ ಪದ್ಧತಿ ನಿಮಗೆ ಗೊತ್ತು. ಇಂದು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಫಿನ್ಲೆಂಡಿನ ಹಿಮಸಾರಂಗಗಳ ಅಧ್ಯಯನವೊಂದು 2015ರಲ್ಲಿ ಇಂಥದೇ ಸಂಗತಿಯನ್ನು ತಿಳಿಸಿತು. ಅಲ್ಲಿ ತಾಯಂದಿರು ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕೊಡುತ್ತಿದ್ದರು.

5. ಉಳಿದ ಹಾಲು: ಮರಿ ಸತ್ತುಹೋದ ತಾಯಿಯ ಕೆಚ್ಚಲು ತುಂಬಿ ಬಿಗಿಯುತ್ತದೆ. ಆಗ ಬೇರೆ ಮರಿಯನ್ನು ಅದು ಓಡಿಸದೆ ಇರಬಹುದು.

ಬೇರೆ ತಾಯಿಯ ಹಾಲನ್ನೂ ಕುಡಿಯುವ ಮರಿ ಚೆನ್ನಾಗಿ ಕೊಬ್ಬಿರಬೇಕು ಎಂದು ನಿಮಗೆ ಅನ್ನಿಸಬಹುದು. ಚೆಕ್ ದೇಶದಲ್ಲಿ ಸಾಕಿದ ಕೆಂಪು ಜಿಂಕೆಗಳನ್ನು ಗಮನಿಸಿದವರು 2001ರಲ್ಲಿ ಬೇರೆಯೇ ಮಾತು ಹೇಳಿದರು. ಹೆಚ್ಚು ಸಲ ಬೇರೆಯವರ ಹಾಲು ಕುಡಿದ ಮರಿಗಳ ತೂಕ ಕಡಿಮೆಯೇ ಏರಿತ್ತು! ಅಂದರೆ ಅವು ಆಸೆಯಿಂದ ಕದಿಯುತ್ತಿರಲಿಲ್ಲ. ತಾಯಿಯ ಹಾಲು ಸಾಲದೆ, ಆ ಕೊರತೆಯನ್ನು ತುಂಬಿಕೊಳ್ಳಲು ಅಲೆಯುತ್ತಿದ್ದವು.

ಕುರುಬರ ಜಾಣ್ಮೆ

ಬೆಳಗಾವಿ ಜಿಲ್ಲೆಯ ಗೋಕಾಕ, ರಾಯಬಾಗ, ಚಿಕ್ಕೋಡಿ ಕಡೆಯ ಕುರುಬರು ಕುರಿಹಿಂಡಿನೊಡನೆ ಊರೂರು ಸುತ್ತುವುದನ್ನು ನೋಡಿದ್ದೀರಾ? ಮುಂದಿನ ಸಲ ಹಿಂಡು ಎದುರಾದಾಗ ಸರಿಯಾಗಿ ನೋಡಿ. ಕುರಿಗಳ ನಡುವೆ ಕೆಲವು ಆಡುಗಳೂ ಇರುತ್ತವೆ. ಆಡಿನ ಹಾಲು ಮನೆಮಂದಿಗೂ ಬೇಕು, ತಾಯಿಯಿಲ್ಲದ ಕುರಿಮರಿಗೂ ಬೇಕು. ಕುರುಬ ಆಡನ್ನು ಹಿಡಿದು ನಿಲ್ಲಿಸಿ ಆ ಮರಿಗೆ ಹಾಲು ಕುಡಿಸುತ್ತಾನೆ.

ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿ, ಸತ್ತ ಮರಿಯ ತಾಯಿಯ ಬಳಿ ಬಿಡುವ ಉಪಾಯ ಜಗತ್ತಿನ ಹಲವು ಕಡೆಯ ಕುರಿಗಾರರಿಗೆ ಗೊತ್ತು. ತಾಯಿ ಮೂಸಿ ನೋಡುತ್ತದೆ. ತನ್ನ ಮರಿಯದೇ ವಾಸನೆ! ಒಂದೆರಡು ದಿನ ಹಾಲು ಕುಡಿದ ಮೇಲೆ ಚರ್ಮ ತೆಗೆದರೂ ತಾಯಿ ಆ ಮರಿಯನ್ನು ಬಿಡುವುದಿಲ್ಲ. ತಾಯಿಯ ಮೂಗೇ ಸಾಕ್ಷಿ ಎಂಬುದನ್ನು ಪ್ರಯೋಗಶಾಲೆಗಳಿಗಿಂತ ಎಷ್ಟೋ ಮೊದಲೇ ಕುರಿಗಾರರು ಕಂಡುಕೊಂಡಿದ್ದರು.

ಕಾಡಿನ ತಬ್ಬಲಿಗೆ ಯಾರು ದಿಕ್ಕು?

ಕಾಡಿನಲ್ಲಿ ಆಡನ್ನು ಹಿಡಿದು ನಿಲ್ಲಿಸುವ ಕುರುಬನಿಲ್ಲ. ಅಲ್ಲಿ ಹಾಲು ಕುಡಿಯುವ ಕರುವಿನ ತಾಯಿ ಸತ್ತರೆ ಏನಾಗುತ್ತದೆ?

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುತ್ತವೆ ಎಂದು ನೀವು ಓದಿದ್ದೀರಿ. ಆಗ ತಾನೇ ಹುಟ್ಟಿದ ಕರುವಿನಲ್ಲಿ ಹುಲ್ಲನ್ನು ಕೊಳೆಸಿ ಅರಗಿಸುವ ಮೊದಲ ಕೋಣೆ ಬಹಳ ಚಿಕ್ಕದು. ಕುಡಿದ ಹಾಲು ನೇರವಾಗಿ ನಾಲ್ಕನೆಯ ಕೋಣೆಗೆ ಇಳಿಯುತ್ತದೆ. ಕರು ಹುಲ್ಲು ಕಡಿಯುತ್ತ ಬಂದಂತೆ ಮೊದಲ ಕೋಣೆ ಬೆಳೆಯುತ್ತದೆ. ಇದಕ್ಕೆ ಹಲವು ವಾರಗಳು ಬೇಕು. ಅಲ್ಲಿಯವರೆಗೆ ಸುತ್ತ ಎಷ್ಟೇ ಹಸಿರು ಇದ್ದರೂ ಹಾಲಿಲ್ಲದೆ ಕರು ಬದುಕದು. ಮೇಯಲು ಕಲಿತ ಕರುವಾದರೆ ಹಿಂಡಿನೊಡನೆ ಸೇರಿ ಉಳಿದುಕೊಳ್ಳುವ ಅವಕಾಶವಿದೆ. ತೀರ ಎಳೆಯ ಕರುವಿಗೆ ಇನ್ನೊಂದು ತಾಯಿಯಿಂದ ಕದ್ದ ಒಂದೆರಡು ಗುಟುಕು ಸಾಲುವುದಿಲ್ಲ. ಪುಣ್ಯಕೋಟಿಯ ಕರುವಿನ ಚಿಂತೆ ಸುಳ್ಳಲ್ಲ!

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗುವ ರಸ್ತೆ ಈ ಕಾಡುಗಳ ನಡುವೆಯೇ ಸಾಗುತ್ತದೆ. ವಾಹನಕ್ಕೆ ಸಿಕ್ಕಿಯೋ ಕಳ್ಳಬೇಟೆಗೆ ಬಲಿಯಾಗಿಯೋ ಹಾಲೂಡಿಸುವ ಒಂದು ತಾಯಿ ಸತ್ತರೆ, ಲೆಕ್ಕದಲ್ಲಿ ಬರುವುದು ಒಂದು ಪ್ರಾಣಿ. ಆದರೆ ಹುಲ್ಲಿನ ಮರೆಯಲ್ಲಿ ಕಾಯುತ್ತಿರುವ ಇನ್ನೊಂದು ಜೀವ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಹುಲ್ಲಿನಲ್ಲಿ ಮರಿ ಕಂಡರೆ

ಕಟ್ಟಿಗೆಗೋ ದನ ಕಾಯಲೋ ಹೋದಾಗ ಹುಲ್ಲಿನಲ್ಲಿ ಜಿಂಕೆಮರಿಯೊಂದು ಒಂಟಿಯಾಗಿ ಮಲಗಿದ್ದು ಕಾಣಬಹುದು. ‘ಅಯ್ಯೋ, ತಬ್ಬಲಿ’ ಎಂದು ಎತ್ತಿಕೊಂಡು ಬರಬೇಡಿ. ಅದು ಹೆಚ್ಚಾಗಿ ತಬ್ಬಲಿಯಲ್ಲ, ಅಡಗಿ ಕುಳಿತ ಮರಿ. ತಾಯಿ ಮೇಯಲು ಹೋಗಿದೆ, ಮರಳಿ ಬರುತ್ತದೆ. ನೀವು ಎತ್ತಿಕೊಂಡು ಬಂದರೆ ಆಗ ಅದು ನಿಜವಾಗಿಯೂ ತಬ್ಬಲಿಯಾಗುತ್ತದೆ. ಮನೆಯ ಹಸುವಿನ ಹಾಲು ಹಾಕಿದರಾಯಿತು ಎನ್ನುವಂತಿಲ್ಲ. ಜಿಂಕೆಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಹಸುವಿನ ಹಾಲಿಗಿಂತ ಹೆಚ್ಚು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ.

ಹಾಗಾದರೆ ಏನು ಮಾಡಬೇಕು? ಮುಟ್ಟಬೇಡಿ. ಗದ್ದಲ ಮಾಡದೆ ದೂರ ಸರಿಯಿರಿ. ನಿಮ್ಮ ನಾಯಿಯನ್ನು ಹತ್ತಿರ ಬಿಡಬೇಡಿ. ಮರಿಗೆ ಗಾಯವಾಗಿದ್ದರೆ ಅಥವಾ ಹತ್ತಿರದಲ್ಲಿ ತಾಯಿ ಸತ್ತು ಬಿದ್ದಿದ್ದರೆ ಮಾತ್ರ ಹಿರಿಯರ ಮೂಲಕ ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಿ.

ನೋಡಿ, ಬರೆಯಿರಿ

ಈ ವಿಷಯವನ್ನು ಕಲಿಯಲು ಕಾಡಿಗೇ ಹೋಗಬೇಕಿಲ್ಲ. ನಿಮ್ಮ ಓಣಿಯಲ್ಲಿ ಎರಡು ಅಥವಾ ಹೆಚ್ಚು ಈದ ಆಡುಗಳೋ ಎಮ್ಮೆಗಳೋ ಇರುವ ಒಂದು ಮನೆ ಆರಿಸಿ. ಮನೆಯವರ ಒಪ್ಪಿಗೆ ಪಡೆದು, ಮರಿಗಳನ್ನು ಬಿಡುವ ಹೊತ್ತಿಗೆ ಸ್ವಲ್ಪ ದೂರದಲ್ಲಿ ಕುಳಿತು 7 ದಿನ ಗಮನಿಸಿ. ನೋಟುಬುಕ್ಕಿನಲ್ಲಿ ಹೀಗೆ ಬರೆಯಿರಿ:

• ದಿನಾಂಕ ಮತ್ತು ಸಮಯ
• ಯಾವ ಮರಿ ಯಾವ ತಾಯಿಯ ಬಳಿ ಹೋಯಿತು?
• ತಾಯಿ ಮೂಸಿ ನೋಡಿತೆ? ಮೈಯ ಯಾವ ಭಾಗವನ್ನು?
• ಮರಿ ಪಕ್ಕದಲ್ಲಿ ನಿಂತಿತೆ, ಹಿಂದೆ ನಿಂತಿತೆ?
• ಎಷ್ಟು ಸೆಕೆಂಡು ಕುಡಿಯಿತು?
• ತಾಯಿ ಓಡಿಸಿತೆ? ಹೇಗೆ?

ಒಂದು ಎಚ್ಚರಿಕೆ. ಮರಿ ಕೆಚ್ಚಲಿಗೆ ಬಾಯಿ ಹಾಕಿದ ಮಾತ್ರಕ್ಕೆ ಹಾಲು ಕುಡಿಯಿತು ಎಂದು ಬರೆಯಬೇಡಿ. ಗುಟುಕು ನುಂಗುವುದು ಕಾಣುತ್ತಿದೆಯೆ, ಬಾಲ ಆಡಿಸುತ್ತಿದೆಯೆ ಎಂದು ನೋಡಿ. ಕಾಡಿನಲ್ಲಿ ಕೆಲಸ ಮಾಡುವ ವಿಜ್ಞಾನಿಗಳಿಗೂ ಇದೇ ತೊಂದರೆ. ಯಾವ ಮರಿಗೆ ಯಾವುದು ತಾಯಿ ಎಂದು ಖಚಿತ ಮಾಡಿಕೊಳ್ಳಲು ಅವರು ಈಗ ಕೂದಲು ಅಥವಾ ಸಗಣಿಯಿಂದ ಡಿಎನ್‌ಎ ಪರೀಕ್ಷೆಯನ್ನೂ ಮಾಡುತ್ತಾರೆ. ನಿಮಗೆ ಆ ಕಷ್ಟವಿಲ್ಲ. ಯಾರ ಮರಿ ಯಾವುದು ಎಂದು ಮನೆಯ ಅಜ್ಜಿಯನ್ನು ಕೇಳಿದರೆ ಸಾಕು!

ಪ್ರಶ್ನೆಗಳು

1. ಒಂಟಿಯಾಗಿ ಬದುಕುವ ಬರ್ಕದಲ್ಲಿ ಹಾಲಿನ ಕಳವು ಏಕೆ ಅಪರೂಪ?
2. ಗಿಣ್ಣು ಹಾಲನ್ನು ಕರುವಿಗೆ ಮೊದಲ ದಿನವೇ ಕುಡಿಸಬೇಕು, ಏಕೆ?
3. ಕಾಡಿನ ಜಿರಾಫೆಗಿಂತ ಮೃಗಾಲಯದ ಜಿರಾಫೆ ಬೇರೆ ಮರಿಗೆ ಹೆಚ್ಚು ಹಾಲು ಕೊಡುತ್ತದೆ. ಕಾರಣ ಏನಿರಬಹುದು?
4. ನಿಮ್ಮ ಗೆಳೆಯ ಒಂದು ಜಿಂಕೆಮರಿಯನ್ನು ಮನೆಗೆ ತರಲು ಹೊರಟಿದ್ದಾನೆ. ಅವನಿಗೆ ನೀವು ಯಾವ ಮೂರು ಕಾರಣ ಹೇಳಿ ತಡೆಯುವಿರಿ?